ಬೊಮ್ಮಲಿಂಗಪ್ಪನವರ ಖಾಲಿ ಸುತ್ತು

ನಮ್ಮ ಸಂಘದಲ್ಲಿ ಅರ್ಜಿ ಚಲಿಸುತ್ತಿರಲಿಲ್ಲ, ಅರ್ಜಿದಾರ ಚಲಿಸುತ್ತಿದ್ದ. ಹಿರಿಯೂರಿನಿಂದ ಹೊಸದುರ್ಗದ ಕಡೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ, ಕಂಬಳಿ ನೇಕಾರರ ಸಂಘದ ಅಂಗಳದಲ್ಲಿ ವಯಸ್ಸಾದ ಗಂಡಸರು ಹೆಂಗಸರು ಕೈಯಲ್ಲೊಂದು ಕಾಗದ ಹಿಡಿದು, ನೆಲಕ್ಕೆ ಹಾಸಿದ ಎರಡು ಸಾಲು ಹಗ್ಗದ ನಡುವಿನ ಓಣಿಯಲ್ಲಿ ಒಬ್ಬರ ಹಿಂದೊಬ್ಬರು ಗಂಭೀರವಾಗಿ ನಡೆಯುತ್ತಿರುವುದು ಕಾಣುತ್ತಿತ್ತು. ಹೊಸ ಪ್ರಯಾಣಿಕರು ಇದು ಯಾವುದೋ ಹರಕೆ ಇರಬೇಕೆಂದು ಕೂತಲ್ಲೇ ಕೈಮುಗಿಯುತ್ತಿದ್ದರು. ಹರಕೆಯಲ್ಲ. ಅದು ಉಣ್ಣೆ ಮಂಜೂರಾತಿ.

ಆ ಹಗ್ಗ ಹಾಸಿದವರು ಸಂಘದ ಕಾರ್ಯದರ್ಶಿ ಬೊಮ್ಮಲಿಂಗಪ್ಪನವರು. ನಾನು ಅವರ ಕೈಕೆಳಗೆ ಗುಮಾಸ್ತನಾಗಿದ್ದೆ. ಲೋಕದ ಗಂಡಸರು ಹೆಗಲ ಮೇಲೆ ಟವಲ್ಲು ಹಾಕಿಕೊಂಡರೆ ಇವರ ಹೆಗಲ ಮೇಲೆ ಹಗ್ಗದ ಸುರುಳಿ ಇರುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಹೆಗಲಲ್ಲಿ ಹಗ್ಗ. ಈ ವೇಷದಿಂದಾಗಿ ಪರವೂರಿನಲ್ಲಿ ಜನ ಅವರನ್ನು ಬಾವಿಗೆ ಬಿದ್ದ ಬಿಂದಿಗೆ ತೆಗೆಯುವವರೆಂದು ತಿಳಿಯುವುದಿತ್ತು. ಒಮ್ಮೆ ಭರಮಸಾಗರದಲ್ಲಿ ಯಾರೋ ಹಾಗೆ ಕರೆದಾಗ ಇವರು ತಾವು ಕಾರ್ಯದರ್ಶಿ ಎಂದೇನೂ ಹೇಳದೆ ಹೋಗಿ ಬಿಂದಿಗೆ ತೆಗೆದುಕೊಟ್ಟರು. ಅಲ್ಲಿಗೆ ಬಿಡಲಿಲ್ಲ. ಬಿಂದಿಗೆ ಬಿದ್ದದ್ದು ಸೊಸೆಯ ತಪ್ಪಲ್ಲವೆಂದೂ, ಆ ಮನೆಯ ನೀರು ಸೇದುವ ಕ್ರಮದಲ್ಲಿ ಗಂಟು ನೋಡುವ ಹಂತವೇ ಇಲ್ಲವೆಂದೂ ಯಜಮಾನನಿಗೆ ವಿವರಿಸಿ, ಅಂಗಳದಲ್ಲಿ ಆ ಕ್ರಮವನ್ನು ಹಗ್ಗದಲ್ಲೇ ಬರೆದು ತೋರಿಸಿ ಬಂದರು. ಸೊಸೆ ಅವರಿಗೆ ಮಜ್ಜಿಗೆ ಕೊಟ್ಟಳಂತೆ. ತಮ್ಮ ವಿದ್ಯೆಗೆ ಸಿಕ್ಕ ಮೊದಲ ಗೌರವ ಅದೆಂದು ಅವರು ಕೊನೆಯವರೆಗೂ ಹೇಳುತ್ತಿದ್ದರು.

ಈ ವಿದ್ಯೆ ಹುಟ್ಟಿದ್ದು ಒಂದು ಕಂಪ್ಯೂಟರಿನ ಮೊಂಡುತನದಿಂದ. ಚಿತ್ರದುರ್ಗದ ಮೇಲಿನ ಕಚೇರಿಯವರು ನಮ್ಮ ಕೆಲಸವೆಲ್ಲ ಸಾಲಾಗಿ ನಡೆಯಲೆಂದು ಒಂದು ವ್ಯವಸ್ಥೆ ಕಳಿಸಿದ್ದರು. ಪರದೆಯ ಮೇಲೆ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಒಂದು ಚೌಕದ ಕೆಲಸ ಮುಗಿಯದೆ ಮುಂದಿನದು ತೆರೆಯದು. ಕೆಲವು ದಿನ ಅದು ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿತ್ತು. ಜನ್ಮದಲ್ಲಿ ಒಮ್ಮೆ ಕಾಣುವ ದೃಶ್ಯವೆಂದು ಇಡೀ ತಾಲ್ಲೂಕು ಬುತ್ತಿ ಕಟ್ಟಿಕೊಂಡು ಹೋಯಿತು. ನಮ್ಮ ಅಧ್ಯಕ್ಷರಾದ ಹನುಮಂತರಾಯಪ್ಪನವರು ಸಂಸಾರ ಸಮೇತ ಹೋದರು. ಅದೇ ದಿನ ಹರಿಯಬ್ಬೆ ಕಡೆಯಿಂದ ಮಾಳಕ್ಕ ಎಂಬ ನೇಕಾರ ಹೆಂಗಸು ಕರಿ ಉಣ್ಣೆಗೆ ಬಂದಳು. ಉಣ್ಣೆ ಗೋದಾಮಿನಲ್ಲಿತ್ತು. ಬಾಗಿಲು ತೆರೆದಿತ್ತು. ಅವಳು ಅದನ್ನು ಮುಟ್ಟುವಷ್ಟು ಹತ್ತಿರ ನಿಂತಿದ್ದಳು. ಆದರೆ ಅಧ್ಯಕ್ಷರ ಒಪ್ಪಿಗೆಯ ಚೌಕ ಕೆಂಪಗೆ ಕೂತಿತ್ತು. ನಾವು ಕರೆದಾಗ ಅಧ್ಯಕ್ಷರು ಫೋನೇನೋ ಎತ್ತಿದರು, ನೀರಿನ ಸದ್ದು ಮಾತ್ರ ಕೇಳಿತು.

ಬೊಮ್ಮಲಿಂಗಪ್ಪನವರು ಕಂಪ್ಯೂಟರಿನ ಮುಂದೆ, ನಾಡಿ ಹಿಡಿದ ವೈದ್ಯರಂತೆ, ಬಹಳ ಹೊತ್ತು ಕೂತರು. ಆಮೇಲೆ ಕನ್ನಡಕ ತೆಗೆದು ರೋಗನಿರ್ಣಯ ಹೇಳಿದರು.

"ಗುಮಾಸ್ತ್ರೇ, ಇದಕ್ಕೆ ಬುದ್ಧಿ ಐತೆ, ಭಾಷೆ ಇಲ್ಲ. ಹೂಂ ಅಂತತೆ, ಉಹೂಂ ಅಂತತೆ. 'ತಡೀರಿ, ನೋಡಾಣ' ಅನ್ನಕ್ಕೆ ಬರಲ್ಲ. ಆ ಮಾತಿಲ್ದೆ ಈ ಸೀಮೆಯಾಗೆ ಯಾವ ಕೆಲಸ ನಡೆದೈತೆ ಹೇಳ್ರಿ."

ಮಾಳಕ್ಕ ಬರಿಗೈಯಲ್ಲಿ ಹೋದಳು. ಬೊಮ್ಮಲಿಂಗಪ್ಪನವರು ಅಂದೇ ಸಂಜೆ ಪೇಟೆಗೆ ಹೋಗಿ ಹಗ್ಗ ತಂದರು.

ಕೆಲಸವನ್ನು ಬರೆಯುವ ಒಂದು ಭಾಷೆಯನ್ನು ಅವರು ಹೀಗೆ ಕಟ್ಟತೊಡಗಿದರು. ಕಾಗದದ ಮೇಲೆ ಬರೆದರೆ ತಿದ್ದುವುದು ಕಷ್ಟ, ಕಂಪ್ಯೂಟರಿನಲ್ಲಿ ಬರೆದರೆ ತಿದ್ದಲು ಚಿತ್ರದುರ್ಗಕ್ಕೆ ಹೋಗಬೇಕು, ಹಗ್ಗವಾದರೆ ಕಾಲಿನಲ್ಲೇ ಸರಿಸಬಹುದು ಎಂಬುದು ಅವರ ಮೂಲತತ್ತ್ವ. ಕುರುಡುಗಂಟು ಹಾಕಿದ ಜಾಗದಲ್ಲಿ ಮಾಡಬೇಕಾದ ಕೆಲಸವನ್ನು ಮಾಡಿಯೇ ತೀರಬೇಕು. ಅಧ್ಯಕ್ಷರ ಸಹಿ ಅಂಥದ್ದು. ಜೀರುಗಂಟು ಇದ್ದರೆ ಎಳೆದು ಬಿಚ್ಚಿ ಮುಂದೆ ಹೋಗಬಹುದು. ಗುರುತಿನ ಚೀಟಿ ತೋರಿಸುವುದು ಅಂಥದ್ದು, ಏಕೆಂದರೆ ಎಲ್ಲರೂ ಎಲ್ಲರಿಗೂ ಗೊತ್ತು. ಹಗ್ಗ ಕವಲೊಡೆದರೆ ಎರಡರಲ್ಲೊಂದು ದಾರಿ. ಬೋರಲು ಹಾಕಿದ ಬುಟ್ಟಿ ಕಂಡರೆ ಅದರ ಮೇಲೆ ಕೂತು ಕಾಯಬೇಕು. ಅಡ್ಡ ಮಲಗಿಸಿದ ಪೊರಕೆ ಕಂಡರೆ ಸಂಬಂಧಪಟ್ಟವರು ಊಟಕ್ಕೆ ಹೋಗಿದ್ದಾರೆಂದು ಅರ್ಥ. ಅಕ್ಷರ ಬಾರದವರೂ ಒಂದು ವಾರದಲ್ಲಿ ಈ ಭಾಷೆ ಕಲಿತರು. ಅಧ್ಯಕ್ಷರಿಗೆ ಸ್ವಲ್ಪ ತಡವಾಯಿತು.

ಆದರೆ ಬೊಮ್ಮಲಿಂಗಪ್ಪನವರ ಹೆಮ್ಮೆಯೆಲ್ಲ ಇದ್ದದ್ದು ಅಂಗಳದ ನಟ್ಟನಡುವೆ, ಬೇವಿನ ಮರದ ನೆರಳಿನಲ್ಲಿ, ಹಗ್ಗವನ್ನು ದುಂಡಗೆ ಬಳಸಿ ಮಾಡಿದ ಒಂದು ಸುತ್ತಿನಲ್ಲಿ. ಅದರೊಳಗೆ ಏನೂ ಇರಲಿಲ್ಲ. ಅದಕ್ಕೆ ಅವರು ಖಾಲಿ ಸುತ್ತು ಎಂದು ಹೆಸರಿಟ್ಟಿದ್ದರು. ಎಲ್ಲ ದಾರಿಗಳೂ ಅದರ ಮೂಲಕವೇ ಹಾಯಬೇಕು. ಅಲ್ಲಿ ಏನು ಮಾಡಬೇಕೆಂದು ಹಗ್ಗ ಹಾಸಿದವರು ಹೇಳುವಂತಿಲ್ಲ. ಅಲ್ಲಿಗೆ ಬಂದು ನಿಂತವರೇ ತಮ್ಮ ಕಷ್ಟ ನೋಡಿಕೊಂಡು, ಮುಂದಿನ ಹೆಜ್ಜೆ ಯಾವುದೆಂದು ಅಲ್ಲೇ ತೀರ್ಮಾನಿಸಬೇಕು. "ನಾನು ಇಲ್ಲಿ ಕುಂತು ಎಲ್ಲಾರ ಕಷ್ಟನೂ ಮೊದ್ಲೇ ಊಹೆ ಮಾಡಕ್ಕಾಗ್ತತಾ? ಅದಕ್ಕೇ ಒಂದೀಟು ಜಾಗ ಬಿಟ್ಟೀನಿ," ಎನ್ನುತ್ತಿದ್ದರು. ಯಾವ ದೇಶದ ಯಾವ ಪಂಡಿತನೂ ಇಷ್ಟು ಸಣ್ಣ ಜಾಗವನ್ನು ಇಷ್ಟು ಮರ್ಯಾದೆಯಿಂದ ಖಾಲಿ ಬಿಟ್ಟಿರಲಾರ.

ತೊಂದರೆಯೇನೆಂದರೆ ಯಾರೂ ಅದರಲ್ಲಿ ನಿಲ್ಲುತ್ತಿರಲಿಲ್ಲ. ಬಂದವರು ಸುತ್ತಿನ ಅಂಚಿಗೆ ಬಂದು, ಒಳಗೆ ಇಣುಕಿ, ಏನೂ ಇಲ್ಲದ್ದು ಕಂಡು, ಬೊಮ್ಮಲಿಂಗಪ್ಪನವರ ಕಡೆ ತಿರುಗಿ "ಇಲ್ಲೇನು ಮಾಡ್ಬೇಕು ಹೇಳ್ರಿ ಸ್ವಾಮಿ" ಎನ್ನುತ್ತಿದ್ದರು. ಹೇಳಿಬಿಟ್ಟರೆ ಅದು ಖಾಲಿ ಸುತ್ತಾಗಿ ಉಳಿಯದು. ಹೇಳದಿದ್ದರೆ ಅರ್ಜಿದಾರ ಕದಲುವುದಿಲ್ಲ. ಬೊಮ್ಮಲಿಂಗಪ್ಪನವರು ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಒಬ್ಬನಾದರೂ ಬಂದು, ನಿಂತು, ತಾನೇ ಯೋಚಿಸಿ ಹೋಗುವುದನ್ನು ಕಣ್ಣಾರೆ ನೋಡಬೇಕೆಂಬುದು ಆ ಮನುಷ್ಯನ ಒಂದೇ ಒಂದು ಆಸೆಯಾಗಿತ್ತು.

ಮನೆಯಲ್ಲಿ ಅವರ ಭಾಷೆಗೆ ಪ್ರವೇಶವಿರಲಿಲ್ಲ. ಒಮ್ಮೆ ಅಡಿಗೆಮನೆಯಲ್ಲಿ ಮುದ್ದೆ ಮಾಡುವ ಕ್ರಮವನ್ನು ದಾರದಲ್ಲಿ ಹಾಸಿದ್ದರಂತೆ. ಅವರ ಹೆಂಡತಿ ತಿಪ್ಪಮ್ಮನವರು ಅದನ್ನೆಲ್ಲ ಸುತ್ತಿ ತೆಗೆದುಕೊಂಡು ಹೋಗಿ ಅವರೆ ಬಳ್ಳಿಗೆ ಕಟ್ಟಿದರು. ಗಂಡನನ್ನು ಹುಡುಕಿಕೊಂಡು ಮನೆಗೆ ಹೋದ ನನಗೆ ಅವರು ಹೇಳಿದ್ದಿಷ್ಟು: "ಅವರ ಹಗ್ಗದಾಗೆ ಎಸರು ಉಕ್ಕಿದ್ರೆ ಏನು ಮಾಡ್ಬೇಕು ಅಂತ ಕೇಳ್ದೆ. ನೋಡಾಣ ಅಂದ್ರು. ಅಷ್ಟೊತ್ತಿಗೆ ಉಕ್ಕಿತ್ತು."

ಬೊಮ್ಮಲಿಂಗಪ್ಪನವರ ವಿದ್ಯೆಗೆ ಬಂದ ಮೊದಲ ಗಂಡಾಂತರವೂ ಇಲ್ಲಿ ಹೇಳಬೇಕಾದ್ದೇ. ಒಂದು ಮಧ್ಯಾಹ್ನ ಅವರಿಗೆ ಹೊಸದೊಂದು ಸುಧಾರಣೆ ಹೊಳೆದು, ಇಬ್ಬರು ನೇಕಾರರು ಹಗ್ಗದ ಮಧ್ಯದಲ್ಲಿದ್ದಾಗಲೇ ಹಗ್ಗವನ್ನು ಸರಿಸಿಬಿಟ್ಟರು. ಪರಿಣಾಮವಾಗಿ, ಆಗ ತಾನೇ ಒಳಗೆ ಕಾಲಿಟ್ಟವನು ಎಲ್ಲ ಹಂತ ಮುಗಿಸಿದವನಾಗಿ ಹೊರಬಂದು ಉಣ್ಣೆ ಪಡೆದ. ಅವನು ಬಂದಿದ್ದದ್ದು ಮದುವೆಗೆ ಕರೆಯಲು. ಬೆಳಿಗ್ಗೆಯಿಂದ ನಡೆದು ಮುಗಿಸಿದ್ದವನು ಇನ್ನೂ ಶುರುವೇ ಮಾಡದವನಾದ. ಅವನು ಬುಟ್ಟಿಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿ, ತನಗೆ ವಯಸ್ಸು ಕಮ್ಮಿಯಾದಂತೆ ಅನಿಸುತ್ತಿದೆ ಎಂದ. ಅಂದಿನಿಂದ ಬೊಮ್ಮಲಿಂಗಪ್ಪನವರು ಗೋಡೆಯ ಮೇಲೆ ಬರೆಸಿದ ಕಟ್ಟಳೆ ಇದು: ಹಗ್ಗದೊಳಗೆ ಮನುಷ್ಯರಿರುವಾಗ ಹಗ್ಗ ಎಳೆಯಕೂಡದು.

ಚಿತ್ರದುರ್ಗದವರಿಗೆ ಸುದ್ದಿ ಮುಟ್ಟಿತು. ತಾವು ಕೊಟ್ಟ ಚೌಕಗಳನ್ನು ಬಿಟ್ಟು ಇವರು ಹಗ್ಗ ಹಾಸಿದ್ದಾರೆಂದು ಒಬ್ಬ ಸಾಹೇಬರನ್ನು ತನಿಖೆಗೆ ಕಳಿಸಿದರು. ಒಂದು ನಿಜವಾದ ಅರ್ಜಿ ಅವರ ಕಣ್ಣೆದುರು ಹಗ್ಗದಲ್ಲಿ ಸಾಗಿ ಮುಗಿಯಬೇಕು, ಇಲ್ಲವಾದರೆ ಹಗ್ಗವನ್ನೆಲ್ಲ ಸುತ್ತಿಟ್ಟು ಚೌಕಕ್ಕೆ ಮರಳಬೇಕು ಎಂದು ಮಾತಾಯಿತು. ಅರ್ಜಿದಾರಳಾಗಿ ಮಾಳಕ್ಕನೇ ಸಿಕ್ಕಿದಳು. ಸಂಘದ ನಿರ್ದೇಶಕರು ಸಾಲಾಗಿ ಕುರ್ಚಿ ಹಾಕಿಕೊಂಡು ಕೂತರು. ಎಲ್ಲವನ್ನೂ ಹತ್ತಿರದಿಂದ ನೋಡಬೇಕೆಂದು ಸಾಹೇಬರು ನೀರಿನ ಬಾಟಲಿ ಹಿಡಿದು ಹಗ್ಗದ ಓಣಿಯೊಳಗೇ ಬಂದು ಮಾಳಕ್ಕನ ಹಿಂದೆ ನಿಂತರು. ಬೊಮ್ಮಲಿಂಗಪ್ಪನವರು ಹೊಸ ಅಂಗಿ ತೊಟ್ಟಿದ್ದರು. ಮಾಳಕ್ಕನಿಗೆ ಹಿಂದಿನ ದಿನವೇ ಹೇಳಿಕೊಟ್ಟಿದ್ದರು: ಸುತ್ತಿನೊಳಗೆ ಹೋಗು, ನಿಲ್ಲು, ನಿನಗೆ ಏನು ತೋಚುತ್ತದೋ ಅದನ್ನು ಮಾಡು. ಏನು ತೋಚಬೇಕು ಎಂದು ಅವಳು ಕೇಳಿದ್ದಳಂತೆ.

ಮಾಳಕ್ಕ ಹೆಸರು ಹೇಳುವ ಹಂತ ದಾಟಿದಳು. ಜೀರುಗಂಟನ್ನು ಎಳೆದು ಬಿಚ್ಚಿದಳು. ನಿರ್ದೇಶಕರಲ್ಲೊಬ್ಬರು ಚಪ್ಪಾಳೆ ತಟ್ಟಿದರು. ಅವಳು ಖಾಲಿ ಸುತ್ತಿನ ಕಡೆ ತಿರುಗುವ ಹೊತ್ತಿಗೆ ಗೇಟಿನಿಂದ ದೇವರೆತ್ತು ಒಳಗೆ ಬಂತು.

ಅದು ಹತ್ತಿರದ ಹಟ್ಟಿಯದು. ಬೆಳ್ಳಗಿನ, ವಯಸ್ಸಾದ, ಯಾರ ಮುಖವನ್ನೂ ನೋಡದ ಎತ್ತು. ದೇವರಿಗೆ ಬಿಟ್ಟದ್ದಾದ್ದರಿಂದ ಅದಕ್ಕೆ ನೊಗ ಹೂಡುವಂತಿಲ್ಲ, ಕೋಲೆತ್ತುವಂತಿಲ್ಲ, ಗದರುವಂತಿಲ್ಲ. ಅದು ನೇರ ನಡೆದು ಬಂದು, ಬೇವಿನ ನೆರಳು ನೋಡಿ, ಖಾಲಿ ಸುತ್ತಿನೊಳಗೆ ಕಾಲು ಮಡಿಸಿ ಮಲಗಿ ಮೆಲುಕು ಹಾಕತೊಡಗಿತು. ಅದರ ಹಿಂದೆ ಅದನ್ನು ಕಾಯುವ ಕಿಲಾರಿ ಪಾಲಯ್ಯ ಬಂದ. ಎತ್ತನ್ನು ಯಾವಾಗ ಎಬ್ಬಿಸುತ್ತೀಯಪ್ಪ ಎಂದು ಸಾಹೇಬರು ಕೇಳಿದರು. ಅವನು ಅವರನ್ನು ಸ್ವಲ್ಪ ಕನಿಕರದಿಂದ ನೋಡಿ, "ಎದ್ದಾಗ ಏಳ್ತೈತೆ" ಎಂದು ಕಟ್ಟೆಯ ಮೇಲೆ ಕೂತ.

ಸಾಹೇಬರು ಬೊಮ್ಮಲಿಂಗಪ್ಪನವರ ಕಡೆ ತಿರುಗಿ, ಈಗ ಇದು ನಿಮ್ಮ ವ್ಯವಸ್ಥೆಯಲ್ಲಿ ಯಾವ ಹಂತ ಎಂದರು.

ಬೊಮ್ಮಲಿಂಗಪ್ಪನವರು ಹೊಸ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡರು. ಆದರೆ ಭಾಷೆ ಕಟ್ಟಿದವನು ತನ್ನ ವ್ಯಾಕರಣಕ್ಕೆ ತಾನೇ ತಲೆಬಾಗಬೇಕು. ಅವರು ನಿಧಾನವಾಗಿ ಹೇಳಿದರು: "ಇದು ಖಾಲಿ ಸುತ್ತು ಸಾರ್. ಇಲ್ಲಿಗೆ ಬಂದೋರೇ ಮುಂದೇನು ಅಂತ ತೀರ್ಮಾನ ಮಾಡ್ತಾರೆ. ಬಂದಾರೆ. ಮಾಡ್ತಾ ಅವ್ರೆ."

ಎಲ್ಲರೂ ಎತ್ತನ್ನು ನೋಡಿದರು. ಅದು ಯೋಚಿಸುತ್ತಿರುವಂತೆಯೇ ಇತ್ತು.

ಮಾಳಕ್ಕ ಎತ್ತಿನ ಪಕ್ಕದಿಂದ ಹೋಗಿ ಸಹಿ ಹಾಕಿಸಿಕೊಳ್ಳಲಿ ಎಂದು ಸಾಹೇಬರು ಸೂಚಿಸಿದರು. ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. "ದೇವರೆತ್ತು ಇನ್ನೂ ಕುಂತೈತೆ, ಅದಕ್ಕಿಂತ ಮುಂಚೆ ಸೈ ಹಾಕೋ ದೊಡ್ಡ ಮನುಷ್ಯ ನಾನಲ್ಲಪ್ಪ," ಎಂದರು. ನಿರ್ದೇಶಕರು ತಲೆಯಾಡಿಸಿದರು. ಹೊತ್ತು ಏರಿತು. ಸಾಹೇಬರಿಗೆ ಹೊಸದುರ್ಗದಲ್ಲಿ ಇನ್ನೊಂದು ತನಿಖೆಯಿತ್ತು, ಆದರೆ ಅವರು ಹಗ್ಗದೊಳಗಿದ್ದರು. ನೆಲದ ಮೇಲಿನ ಹಗ್ಗವನ್ನು ದಾಟಿ ಹೋಗಬಹುದೆಂದು ಅಲ್ಲಿದ್ದ ಯಾರಿಗೂ, ಸ್ವತಃ ಸಾಹೇಬರಿಗೂ, ಹೊಳೆಯಲಿಲ್ಲ. ಕೊನೆಗೆ ಬೊಮ್ಮಲಿಂಗಪ್ಪನವರು ತಮ್ಮ ಭಾಷೆಯಲ್ಲಿ ಎಲ್ಲಿ ಬೇಕಾದರೂ ಹೊರದಾರಿ ಉಂಟೆಂದು ತೋರಿಸಲು ಹಗ್ಗವನ್ನು ಸೊಂಟದೆತ್ತರಕ್ಕೆ ಎತ್ತಿ ಹಿಡಿದರು. ಸಾಹೇಬರು ಅದರಡಿ ಬಗ್ಗಿ ನುಸುಳಿದರು. ಅದು ಸರಿಯಾಗಿ ಎತ್ತಿನ ಎದುರಿಗೇ ಆದ್ದರಿಂದ, ಸಾಹೇಬರು ಅಡ್ಡಬಿದ್ದರೆಂದು ನೇಕಾರರೆಲ್ಲ ಕೈಮುಗಿದರು. ವ್ಯವಸ್ಥೆಯು ಸ್ಥಳೀಯ ಆಚಾರಕ್ಕೆ ಅನುಗುಣವಾಗಿದೆಯೆಂದು ಅವರು ವರದಿ ಬರೆದರು; ಅವರು ಮತ್ತೆ ಆ ರಸ್ತೆಯಲ್ಲಿ ಕಾಣಿಸಲಿಲ್ಲ. ಎತ್ತು ಸಂಜೆ ಎದ್ದಿತು. ಮಾಳಕ್ಕನಿಗೆ ಉಣ್ಣೆ ಸಿಕ್ಕಿತು. ಹಗ್ಗ ಗೆದ್ದಿತು.

ಬೊಮ್ಮಲಿಂಗಪ್ಪನವರು ಸೋತದ್ದು ಮಾರನೆಯ ದಿನದಿಂದ. ಬಂದ ಮೊದಲ ಅರ್ಜಿದಾರ ಸುತ್ತಿನ ಅಂಚಿನಲ್ಲಿ ನಿಂತು, ಎತ್ತು ಎಲ್ಲಿ ಎಂದು ಕೇಳಿದ. ಬೊಮ್ಮಲಿಂಗಪ್ಪನವರು ಎತ್ತು ಬೇಕಿಲ್ಲವೆಂದು ತಿಳಿಸಿ ಹೇಳಿದರು. ಅವನು ಸಮಾಧಾನವಾಗಿ ಕೇಳಿಸಿಕೊಂಡು ಬುಟ್ಟಿಯ ಮೇಲೆ ಕೂತ. ಅವನ ಹಿಂದೆ ಬಂದವರೂ ಕೂತರು. ಬುಟ್ಟಿಗಳು ಸಾಲದಾದವು. ಎತ್ತು ಬಂದು, ಕೂತು, ಎದ್ದ ದಿನ ಮಾತ್ರ ಅರ್ಜಿಗಳು ಮುಂದೆ ಹೋದವು. ತಿಂಗಳೊಪ್ಪತ್ತಿನಲ್ಲಿ ಹಗ್ಗದ ಜಾಗಕ್ಕೆ ದುಂಡಗೆ ಕಲ್ಲು ನೆಟ್ಟರು, ಕಲ್ಲಿಗೆ ಅರಿಶಿನ ಹಚ್ಚಿದರು, ಅಧ್ಯಕ್ಷರು ಸ್ವಂತ ಖರ್ಚಿನಲ್ಲಿ ಒಂದು ದೀಪ ಇಡಿಸಿದರು. ಇಡೀ ಭಾಷೆಯಲ್ಲಿ ಅತ್ಯಂತ ಸಡಿಲವಾಗಿದ್ದ ಜಾಗ ಯಾವ ಕುರುಡುಗಂಟಿಗೂ ಮೀರಿ ಬಿಗಿದುಕೊಂಡಿತು. ಬೊಮ್ಮಲಿಂಗಪ್ಪನವರು ಛಲ ಬಿಡದೆ ಅಂಗಳದ ಇನ್ನೊಂದು ಮೂಲೆಯಲ್ಲಿ ಎರಡನೆಯ ಖಾಲಿ ಸುತ್ತು ಹಾಸಿದರು. ಮೊದಲನೆಯದಕ್ಕೆ ಬರುವವರು ಅದರಲ್ಲಿ ಚಪ್ಪಲಿ ಬಿಡತೊಡಗಿದರು.

ಹೀಗೆ ನಡೆಯುತ್ತಿರಲಾಗಿ ಅವರ ನಿವೃತ್ತಿ ಬಂತು. ಹೊಸ ಕಾರ್ಯದರ್ಶಿ ಬಂದು ಕುರ್ಚಿಯಲ್ಲಿ ಕೂತೂ ಆಯಿತು. ಆದರೆ ಬಿಡುಗಡೆಯೂ ಒಂದು ಕೆಲಸವೇ ತಾನೆ, ಅದೂ ಹಗ್ಗದಲ್ಲೇ ಸಾಗಬೇಕು, ಸುತ್ತಿನಲ್ಲಿ ಎತ್ತು ಕೂತು ಏಳಬೇಕು ಎಂದು ನಿರ್ದೇಶಕರು ವಿನಯದಿಂದ ನೆನಪಿಸಿದರು. ಎತ್ತಿಗೆ ಆಗ ಅಷ್ಟು ದೂರವೂ ನಡೆಯುವ ಕಸುವಿರಲಿಲ್ಲ. ಬೊಮ್ಮಲಿಂಗಪ್ಪನವರು ನಿವೃತ್ತರಾಗಿಯೂ ದಿನಾ ಬಂದು ಬೇವಿನಡಿ ಬುಟ್ಟಿಯ ಮೇಲೆ ಕೂರುತ್ತಿದ್ದರು. ಸುಮ್ಮನೆ ದಾಟಿ ಹೊರಟುಬಿಡಿ, ನಾನು ನೋಡದವನಂತೆ ಇರುತ್ತೇನೆ ಎಂದು ನಾನೇ ಹೇಳಿದೆ. ಅವರಿಗೆ ಸಿಟ್ಟು ಬಂತು. ಹಗ್ಗ ಹಾಸಿದವನೇ ಕದ್ದು ದಾಟಿದರೆ ಅದು ಬರಿಯ ಹಗ್ಗವಾಗುತ್ತದೆ ಎಂದರು.

ಒಂದು ದಿನ ಎತ್ತು ತೀರಿಕೊಂಡ ಸುದ್ದಿ ಬಂತು. ಹಟ್ಟಿಯವರು ಉರುಮೆ ಬಾರಿಸಿ, ಹಿರಿಯರೊಬ್ಬರನ್ನು ಕಳಿಸಿಕೊಡುವಂತೆ ಮಣ್ಣು ಮಾಡಿದರು. ಬೊಮ್ಮಲಿಂಗಪ್ಪನವರು ಪಾಲಯ್ಯನ ಪಕ್ಕದಲ್ಲಿ ನಡೆದು, ಅವನಿಗಿಂತ ಹೆಚ್ಚು ಅತ್ತರು. ಮಾರನೆಯ ಬೆಳಿಗ್ಗೆ ಬಂದವರೇ ನನ್ನನ್ನು ಅಂಗಳಕ್ಕೆ ಕರೆದರು.

"ಗುಮಾಸ್ತ್ರೇ, ಸುತ್ತು ಮತ್ತೆ ಖಾಲಿ ಆತು. ಈಗ ಇಲ್ಲಿಗೆ ಯಾರು ಬಂದಾರೆ ನೋಡಿ ಹೇಳ್ರಿ."

ನೀವು ಎಂದೆ.

"ಹಂಗಾರೆ ತೀರ್ಮಾನ ನಂದು."

ಎತ್ತಿನ ಮರ್ಯಾದೆಗೆಂದು ಚಪ್ಪಲಿ ಬಿಟ್ಟು ಒಳಗೆ ಹೋದರು. ನಿಂತರು. ನಿಜವಾಗಿಯೂ ಯೋಚಿಸಿದರು, ಹಣೆಯಲ್ಲಿ ಗೆರೆ ಕಂಡೆ. ಆಮೇಲೆ ಹೆಗಲ ಹಗ್ಗವನ್ನು ತೆಗೆದು ನನ್ನ ಹೆಗಲಿಗೆ ಹಾಕಿ, ಆಚೆ ಕಡೆಯಿಂದ ಹೊರಬಂದು, ಹೊಳಲ್ಕೆರೆ ಕಡೆಯ ತಮ್ಮ ಊರಿಗೆ ಬಸ್ಸು ಹತ್ತಿದರು.

ನಿರ್ದೇಶಕರು ಸಭೆ ಸೇರಿದರು. ಎತ್ತಿನ ನಂತರ ಆ ಸುತ್ತಿನಲ್ಲಿ ನಿಂತವರು ಬೊಮ್ಮಲಿಂಗಪ್ಪನವರು. ಆದ್ದರಿಂದ ಇನ್ನು ಮುಂದೆ ಅವರು ಬಂದು ನಿಂತ ಮೇಲೆಯೇ ಅರ್ಜಿಗಳು ಮುಂದೆ ಹೋಗತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅವರನ್ನು ಕರೆತರಲು ನನ್ನನ್ನೇ ಕಳಿಸಿದರು.

ಅವರು ಮನೆಯ ಜಗಲಿಯ ಮೇಲೆ ಕಾಲು ಮಡಿಸಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು. ಹೆಗಲು ಬೋಳಾಗಿತ್ತು. ನಾನು ಸಭೆಯ ತೀರ್ಮಾನ ಹೇಳಿದೆ. ಅವರು ಬಹಳ ಹೊತ್ತು ಮೆಲ್ಲುತ್ತಲೇ ಇದ್ದರು.

"ಎದ್ದಾಗ ಏಳ್ತೈತೆ ಅಂತ ಹೇಳ್ರಿ," ಎಂದರು.

ಇಬ್ಬರೂ ನಕ್ಕೆವು. ತಿಪ್ಪಮ್ಮನವರು ಒಳಗಿನಿಂದ, ಇವರು ಇಲ್ಲಿಗೆ ಬಂದ ಮೇಲೆ ಮನೆಯಲ್ಲಿ ಎಸರು ಒಮ್ಮೆಯೂ ಉಕ್ಕಿಲ್ಲ ಎಂದರು. ನಗು ನಿಂತ ಮೇಲೆ ಬೊಮ್ಮಲಿಂಗಪ್ಪನವರು ಬೀದಿ ನೋಡುತ್ತ ಹೇಳಿದರು: "ಖಾಲಿ ಬಿಟ್ಟಿದ್ದೆ ಕಣ್ರಿ. ಖಾಲಿ ಜಾಗ ಕಂಡ್ರೆ ನಮ್ಮ ಜನಕ್ಕೆ ತಡಿಯಕ್ಕಾಗಲ್ಲ, ಯಾರನ್ನಾದ್ರೂ ತಂದು ಕುಂದ್ರುಸ್ತಾರೆ. ಈಗ ನನ್ನ ಸರದಿ. ಒಬ್ರು, ಒಬ್ರೇ ಒಬ್ರು, ಬಂದು ನಿಂತು ತಮ್ಮ ಕೆಲ್ಸ ತಾವು ಹೇಳಿ ಹೋಗಿದ್ರೆ ಸಾಕಿತ್ತು."

ಬಸ್ಸಿನವರೆಗೆ ಬಂದು ಬಿಟ್ಟುಹೋದರು. ಅದೇ ಕೊನೆ. ಮಳೆಗಾಲ ಬರುವ ಮುಂಚೆ ಅವರು ಹೋದ ಸುದ್ದಿ ಬಂತು.

ಸಂಘಕ್ಕೆ ಅರ್ಧ ದಿನ ರಜೆ ಕೊಟ್ಟರು. ಬೊಮ್ಮಲಿಂಗಪ್ಪನವರ ಫೋಟೋ ಒಂದಕ್ಕೆ ಕಟ್ಟು ಹಾಕಿಸಿ, ಹಾರ ಹಾಕಿ, ಸುತ್ತಿನೊಳಗೆ ಇಡುವುದೆಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ಫೋಟೋ ಚಿತ್ರದುರ್ಗದಿಂದ ಮಾರನೆಯ ಮಧ್ಯಾಹ್ನ ಬರುವುದಿತ್ತು.

ಫೋಟೋ ಬರಬೇಕಿದ್ದ ದಿನ ಬೆಳಿಗ್ಗೆ ಮಾಳಕ್ಕ ಬಂದಳು. ಸುತ್ತಿನ ಅಂಚಿನಲ್ಲಿ ನಿಂತು, ಒಳಗೆ ಇಣುಕಿ, ಇವತ್ತು ಯಾರಿಗೆ ಕಾಯಬೇಕು ಎಂದು ಕೇಳಿದಳು. ಸದ್ಯಕ್ಕೆ ಯಾರಿಗೂ ಇಲ್ಲ ಎಂದೆ. ಅವಳು ಗೇಟಿನ ಕಡೆ ನೋಡಿದಳು, ಬುಟ್ಟಿಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ಆಕಾಶ ನೋಡುತ್ತ ನಿಂತೆ. ಅವಳು ಮೆಲ್ಲಗೆ ಕಲ್ಲು ದಾಟಿ ಒಳಗೆ ಕಾಲಿಟ್ಟು, ಸೆರಗು ಸರಿಮಾಡಿಕೊಂಡು, ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

"ಹೋದ್ಸಾರಿ ನೀವು ಕೊಟ್ಟ ಉಣ್ಣೆ ತುಂಬ ಮುಳ್ಳಿತ್ತು," ಎಂದಳು. "ಈ ಸಾರಿ ನಾನೇ ನೋಡಿ ಆರಿಸ್ಕಂತೀನಿ. ಸೈ ಆಮೇಲೆ ಹಾಕ್ಲಿ ಬಿಡ್ರಿ."

ಹೇಳಿ, ಆಚೆ ಕಡೆಯಿಂದ ಹೊರಬಂದು, ನೇರ ಗೋದಾಮಿಗೆ ಹೋದಳು. ನಾನು ಬೀಗ ತೆಗೆದೆ.

ಫೋಟೋ ಮಧ್ಯಾಹ್ನದ ಬಸ್ಸಿಗೆ ಬಂತು.